ಇಂಗ್ಲಿಷ್ ಮನೆಯ ಮಕ್ಕಳು, ಫ್ರೆಂಚ್ ಮಾಧ್ಯಮದ ಶಾಲೆ

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ನಮ್ಮಲ್ಲಿ ಇದೇನೂ ಹೊಸದಲ್ಲ. ಎಲ್‌ಕೆಜಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತ ಅಪ್ಪ-ಅಮ್ಮಂದಿರ ನಂಬಿಕೆ ಒಂದೇ: ಎಳವೆಯಲ್ಲೇ ಇಂಗ್ಲಿಷಿಗೆ ಹಾಕಿಬಿಟ್ಟರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಆದರೆ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರು, ಪಟ್ಟು ಹಿಡಿದು ತಮ್ಮ ಮಕ್ಕಳನ್ನು ಬೇರೆ ಭಾಷೆಯ ಮಾಧ್ಯಮಕ್ಕೆ ಸೇರಿಸಿದ್ದೂ ಉಂಟು. ಪ್ರಾಥಮಿಕ ಹಂತದಲ್ಲೇ ಎರಡನೇ ಭಾಷೆ ಕಲಿಸುವ ವಿಚಾರ ಎಲ್ಲಿ ಬಂದರೂ ಆ ಪ್ರಯೋಗದ ಪ್ರಸ್ತಾಪ ಬಂದೇ ಬರುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಿಂದ ಸೇಂಟ್ ಲಾರೆನ್ಸ್ ನದಿ ದಾಟಿದರೆ ಸಿಗುವುದು ಸೇಂಟ್ ಲ್ಯಾಂಬರ್ಟ್ ಎಂಬ ಊರು. ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತನಾಡುವವರೇ ಬಹುಸಂಖ್ಯಾತರು. ಆದರೆ 1960ರ ದಶಕದವರೆಗೂ ದೊಡ್ಡ ವ್ಯಾಪಾರ, ದೊಡ್ಡ ಹುದ್ದೆಗಳಲ್ಲಿ ಇಂಗ್ಲಿಷಿನದೇ ಯಜಮಾನಿಕೆ. ಆ ದಶಕದಲ್ಲಿ ಫ್ರೆಂಚ್ ಜನ ತಮ್ಮ ಭಾಷೆಗೆ ತಕ್ಕ ಸ್ಥಾನ ಬೇಕೆಂದು ಎದ್ದು ನಿಂತರು. ಗಾಳಿ ಯಾವ ಕಡೆಗೆ ತಿರುಗುತ್ತಿದೆ ಎಂಬುದು ಇಂಗ್ಲಿಷ್ ಮನೆಗಳಿಗೂ ಅರ್ಥವಾಯಿತು. ಶಾಲೆಯಲ್ಲಿ ದಿನಕ್ಕೊಂದು ಪೀರಿಯಡ್ ಫ್ರೆಂಚ್ ಇತ್ತು, ನಿಜ. ಆದರೆ ವರ್ಷಗಟ್ಟಲೆ ಕಲಿತ ಮೇಲೂ ಪಕ್ಕದ ಬೀದಿಯ ಫ್ರೆಂಚ್ ಹುಡುಗನ ಜೊತೆ ನಾಲ್ಕು ಮಾತಾಡಲು ಮಕ್ಕಳಿಗೆ ಬರುತ್ತಿರಲಿಲ್ಲ.

ಓಲ್ಗಾ ಮೆಲಿಕಾಫ್, ಮ್ಯೂರಿಯೆಲ್ ಪಾರ್ಕ್ಸ್ ಮತ್ತು ವ್ಯಾಲರಿ ನೀಲ್ ಎಂಬ ತಾಯಂದಿರ ಮುಂದಾಳತ್ವದಲ್ಲಿ ಪೋಷಕರ ಗುಂಪೊಂದು ಶಾಲಾ ಮಂಡಳಿಯ ಬೆನ್ನು ಹತ್ತಿತು. ಶಿಶುವಿಹಾರದಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸಿ ಎಂಬುದು ಅವರ ಬೇಡಿಕೆ. ಮಂಡಳಿಗೆ ಮನಸ್ಸಿರಲಿಲ್ಲ. ತಾಯಂದಿರು ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಹೆಸರಾಂತ ನರರೋಗ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರ ಬೆಂಬಲ ಪಡೆದರು. ಎರಡು ಭಾಷೆ ಒಟ್ಟಿಗೆ ಕಲಿತರೆ ಮಗುವಿನ ಬುದ್ಧಿ ಮಂಕಾಗುತ್ತದೆ ಎಂಬ ಭಯ ಆಗ ಓದುಬರಹ ಬಲ್ಲವರಲ್ಲೂ ಇತ್ತು. ಎಲಿಜಬೆತ್ ಪೀಲ್ ಮತ್ತು ಲ್ಯಾಂಬರ್ಟ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯವನ್ನು ಅಲ್ಲಾಡಿಸಿತ್ತು: ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳಲ್ಲಿ ಎರಡು ಭಾಷೆ ಬಲ್ಲವರೇ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಕೊನೆಗೆ ಮಂಡಳಿ ಅರೆಮನಸ್ಸಿನಿಂದ ಒಪ್ಪಿತು. 1965ರ ಸೆಪ್ಟೆಂಬರ್‌ನಲ್ಲಿ 26 ಮಕ್ಕಳ ಒಂದು ತರಗತಿ ಶುರುವಾಯಿತು.

ತರಗತಿ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೀಚರ್ ಮೊದಲ ದಿನದಿಂದ ಫ್ರೆಂಚ್ ಬಿಟ್ಟು ಬೇರೆ ಆಡುವುದಿಲ್ಲ. ಬಾಗಿಲು ತೋರಿಸಿ ಹೇಳುತ್ತಾರೆ, ಕೋಟು ಬಿಚ್ಚಿ ತೋರಿಸುತ್ತಾರೆ, ಹಾಡುತ್ತಾರೆ, ಚಿತ್ರ ಬರೆಸುತ್ತಾರೆ. ಮಕ್ಕಳು ಮಾತ್ರ ತಮಗೆ ತಿಳಿದ ಇಂಗ್ಲಿಷಿನಲ್ಲೇ ಉತ್ತರ ಕೊಡಬಹುದು; ಯಾರೂ ಗದರುವುದಿಲ್ಲ, ದಂಡ ಹಾಕುವುದಿಲ್ಲ. ಒಂದನೇ ತರಗತಿಯಲ್ಲಿ ಓದುಬರಹ ಆರಂಭವಾಗುವುದೂ ಫ್ರೆಂಚಿನಲ್ಲೇ. ಎರಡನೇ ತರಗತಿಗೆ ಬಂದಾಗ ವೇಳಾಪಟ್ಟಿಯಲ್ಲಿ ಇಂಗ್ಲಿಷಿಗೆ ಜಾಗ ಸಿಗುತ್ತದೆ. ಅಲ್ಲಿಂದ ವರ್ಷವರ್ಷಕ್ಕೆ ಅದರ ಪಾಲು ಹೆಚ್ಚುತ್ತಾ, ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಆಗುತ್ತದೆ. ಇದಕ್ಕೆ ಇಮರ್ಷನ್ ಪದ್ಧತಿ ಎಂಬ ಹೆಸರು ನಿಂತಿತು.

ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಈ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಪುಸ್ತಕ ಹೊರತಂದರು. ಒಂದನೇ ತರಗತಿಯ ಕೊನೆಗೆ ಇಂಗ್ಲಿಷ್ ಓದಿನಲ್ಲಿ ಈ ಮಕ್ಕಳು ಹಿಂದೆ ಬಿದ್ದಿದ್ದರು. ಇಂಗ್ಲಿಷ್ ಪಾಠ ಶುರುವಾದ ಮೇಲೆ ಬೇಗನೇ ಸರಿಸಮಕ್ಕೆ ಬಂದರು. ಗಣಿತವನ್ನು ಫ್ರೆಂಚಿನಲ್ಲಿ ಕಲಿತರೂ ಇಂಗ್ಲಿಷ್ ಮಾಧ್ಯಮದ ಓರಗೆಯವರಿಗಿಂತ ಕಡಿಮೆಯೇನಿರಲಿಲ್ಲ. ಫ್ರೆಂಚ್ ಅಂತೂ ದಿನಕ್ಕೊಂದು ಪೀರಿಯಡ್ ಕಲಿತವರು ಮುಟ್ಟಲಾಗದ ಮಟ್ಟದಲ್ಲಿತ್ತು.

ಹಾಗಂತ ಎಲ್ಲವೂ ಸುಸೂತ್ರವಾಗಿರಲಿಲ್ಲ. ಮುಂದಿನ ದಶಕಗಳಲ್ಲಿ ಮೆರಿಲ್ ಸ್ವೇನ್ ಮೊದಲಾದ ಸಂಶೋಧಕರು ಕೊರತೆಗಳನ್ನೂ ಪಟ್ಟಿ ಮಾಡಿದರು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಈ ಮಕ್ಕಳು ಫ್ರೆಂಚ್ ಮಕ್ಕಳಿಗೆ ತೀರಾ ಹತ್ತಿರ. ಮಾತು, ಬರವಣಿಗೆಗೆ ಬಂದರೆ ವ್ಯಾಕರಣ ಮುಗ್ಗರಿಸುತ್ತಿತ್ತು. ನಮ್ಮಲ್ಲಿ ನೀನು-ನೀವು ಇರುವ ಹಾಗೆ ಫ್ರೆಂಚಿನಲ್ಲೂ ತ್ಯು-ವೂ ಎಂಬ ಭೇದವಿದೆ. ಟೀಚರ್ ಮಕ್ಕಳನ್ನು ಕರೆಯುವುದು ಏಕವಚನದಲ್ಲಿ, ಮಕ್ಕಳು ಪರಸ್ಪರ ಕರೆಯುವುದೂ ಏಕವಚನದಲ್ಲಿ. ಹೀಗಾಗಿ ದೊಡ್ಡವರನ್ನೂ ಏಕವಚನದಲ್ಲೇ ಮಾತಾಡಿಸುವ ಅಭ್ಯಾಸ ಬೆಳೆಯಿತು. ತರಗತಿಯ ಗೋಡೆಯೊಳಗೆ ಭಾಷೆ ಬರುತ್ತದೆ. ಬೀದಿಯ, ಅಂಗಡಿಯ, ನೆಂಟರ ಮನೆಯ ನಡೆನುಡಿ ಬರುವುದಿಲ್ಲ.

1969ರಲ್ಲಿ ಕೆನಡಾ ಅಧಿಕೃತ ಭಾಷೆಗಳ ಕಾಯ್ದೆ ತಂದ ಮೇಲೆ ಈ ಪದ್ಧತಿ ದೇಶವಿಡೀ ಹಬ್ಬಿತು. ಇಂದು 4 ಲಕ್ಷಕ್ಕೂ ಹೆಚ್ಚು ಮಕ್ಕಳು ಫ್ರೆಂಚ್ ಇಮರ್ಷನ್‌ನಲ್ಲಿದ್ದಾರೆ. ಸೀಟಿಗಾಗಿ ಪೋಷಕರು ರಾತ್ರಿಯಿಡೀ ಶಾಲೆಯ ಮುಂದೆ ಕಾದದ್ದುಂಟು. ಉಳ್ಳವರ ಮಕ್ಕಳೇ ಅಲ್ಲಿ ತುಂಬಿಕೊಳ್ಳುತ್ತಾರೆ, ಕಲಿಕೆಯಲ್ಲಿ ಹಿಂದುಳಿದವರು ನಡುವೆಯೇ ಹೊರಬೀಳುತ್ತಾರೆ, ಒಳ್ಳೆಯ ಫ್ರೆಂಚ್ ಬಲ್ಲ ಶಿಕ್ಷಕರೇ ಸಿಗುವುದಿಲ್ಲ ಎಂಬ ದೂರುಗಳೂ ಇವೆ. ಅಮೆರಿಕದಲ್ಲಿ ಸೇಂಟ್ ಲ್ಯಾಂಬರ್ಟ್ ಮಾದರಿ ಕಾಲಿಟ್ಟದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ, ಸ್ಪ್ಯಾನಿಷ್ ಮೂಲಕ. ಯೂಟಾ ರಾಜ್ಯವಂತೂ 2008ರಲ್ಲಿ ಕಾನೂನನ್ನೇ ಮಾಡಿತು. ಈ ಪದ್ಧತಿ ಅಳವಡಿಸಿಕೊಂಡ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಗು ಅರ್ಧ ದಿನ ಇಂಗ್ಲಿಷಿನಲ್ಲಿ, ಉಳಿದರ್ಧ ದಿನ ಚೀನಿ, ಸ್ಪ್ಯಾನಿಷ್, ಫ್ರೆಂಚ್‌ನಂಥ ಭಾಷೆಯಲ್ಲಿ ಕಲಿಯುತ್ತದೆ. ಭಾಷೆಗೊಬ್ಬರಂತೆ ಇಬ್ಬರು ಟೀಚರ್‌ಗಳು.

ಇದನ್ನೆಲ್ಲ ಓದಿದವರು, ಹಾಗಾದರೆ ನಮ್ಮ ಕಾನ್ವೆಂಟ್ ಶಾಲೆಗಳೂ ಇದನ್ನೇ ಮಾಡುತ್ತಿವೆಯಲ್ಲ ಎನ್ನಬಹುದು. ಇಲ್ಲೇ ಎಡವುವುದು. ಸ್ವತಃ ಲ್ಯಾಂಬರ್ಟ್ ದ್ವಿಭಾಷಿಕತೆಯನ್ನು ಎರಡಾಗಿ ವಿಂಗಡಿಸಿದರು. ಮೊದಲ ಭಾಷೆ ಭದ್ರವಾಗಿದ್ದು ಎರಡನೆಯದು ಅದಕ್ಕೆ ಕೂಡಿಕೊಳ್ಳುವುದು ಒಂದು; ಎರಡನೆಯದು ಬಂದು ಮೊದಲಿನದನ್ನು ಕಳೆಯುವುದು ಇನ್ನೊಂದು. ಸೇಂಟ್ ಲ್ಯಾಂಬರ್ಟ್‌ನ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಗೂ ಓಡಿಹೋಗುವ ಭಯವಿರಲಿಲ್ಲ. ಮನೆ, ಟಿವಿ, ಪುಸ್ತಕ, ಮುಂದಿನ ಉದ್ಯೋಗ ಎಲ್ಲವೂ ಇಂಗ್ಲಿಷಿನಲ್ಲೇ ಇದ್ದವು. ಅಂಥ ಬಲವಿಲ್ಲದ ಭಾಷೆಯ ಮಕ್ಕಳಿಗೆ ಮೊದಲು ಮನೆಮಾತಿನಲ್ಲೇ ಗಟ್ಟಿ ತಳಪಾಯ ಹಾಕಬೇಕು ಎಂದು ಅವರೇ ಎಚ್ಚರಿಸಿದ್ದರು.

ನಮ್ಮಲ್ಲಿ ಏನಾಗುತ್ತಿದೆ? ಶಾಲೆಯ ಆವರಣದಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ಕನ್ನಡ ಒಂದು ವಿಷಯವಾಗಿ ಮೂಲೆಗೆ ಸರಿದಿದೆ. ಎಷ್ಟೋ ಕಡೆ ಇಂಗ್ಲಿಷ್ ಮಾಧ್ಯಮದಲ್ಲಿ ಪಾಠ ಮಾಡುವವರಿಗೇ ಇಂಗ್ಲಿಷ್ ಸಲೀಸಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಕರ್ನಾಟಕ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕು ಎಂಬುದರಲ್ಲಿ ತಪ್ಪೇನಿಲ್ಲ. ಅದು ಅವರ ಹಕ್ಕು. ಆದರೆ ಮಾಧ್ಯಮ ಬದಲಿಸಿದ ಮಾತ್ರಕ್ಕೆ ಭಾಷೆ ಬರುವುದಿಲ್ಲ.

ಆದ್ದರಿಂದ ಶಾಲೆ ಹುಡುಕುವ ಪೋಷಕರು ಬೋರ್ಡಿನ ಮೇಲೆ ಬರೆದ ಮಾಧ್ಯಮ ನೋಡಿ ತೃಪ್ತರಾಗಬೇಡಿ. ಮೂರು ಪ್ರಶ್ನೆ ಕೇಳಿ: ಟೀಚರ್‌ಗೆ ಆ ಭಾಷೆ ಚೆನ್ನಾಗಿ ಬರುತ್ತದೆಯೇ? ಮಗು ಕನ್ನಡದಲ್ಲಿ ಉತ್ತರಿಸಿದರೆ ಕೇಳಿಸಿಕೊಳ್ಳುತ್ತಾರೆಯೇ? ಕನ್ನಡದ ಓದುಬರಹಕ್ಕೆ ವೇಳಾಪಟ್ಟಿಯಲ್ಲಿ ವರ್ಷವರ್ಷ ಎಷ್ಟು ಜಾಗವಿದೆ? ಮೂರಕ್ಕೂ ನೆಟ್ಟಗೆ ಉತ್ತರ ಕೊಡುವ ಶಾಲೆ ಸಿಕ್ಕರೆ, ಅದು ಸರ್ಕಾರಿಯಾದರೂ ಸರಿ, ಖಾಸಗಿಯಾದರೂ ಸರಿ, ಮಗುವನ್ನು ಅಲ್ಲಿಗೇ ಸೇರಿಸಿ.