ಕ್ಯಾಲಿಫೋರ್ನಿಯದ ವಿದ್ಯುತ್ ಅಭಾವ (೨೦೦೦–೨೦೦೧)

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಂಪದ್ಭರಿತವೆಂದು ಹೆಸರಾದ ಕ್ಯಾಲಿಫೋರ್ನಿಯದಲ್ಲಿ ೨೦೦೧ರ ಜನವರಿ ೧೭ ಮತ್ತು ೧೮ರಂದು ಸರದಿಯ ಮೇಲೆ ಊರೂರಿಗೆ ವಿದ್ಯುತ್ತನ್ನು ನಿಲ್ಲಿಸಬೇಕಾಯಿತು. ಅಲ್ಲಿ ಬೇಡಿಕೆ ಪರಾಕಾಷ್ಠೆಗೇರುವುದು ಬೇಸಗೆಯಲ್ಲಿ. ಜನವರಿಯಲ್ಲಿ ಅದು ಬಹಳ ಕಡಮೆ. ಆದುದರಿಂದ ಉತ್ಪಾದನಾ ಸ್ಥಾವರಗಳ ಕೊರತೆಯೊಂದನ್ನೇ ಕಾರಣವೆಂದು ಹೇಳಿದರೆ ಸಾಲದು. ಉಳಿದ ಕಾರಣಗಳಾವುವೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

೧೯೯೬ರ ಶಾಸನದಂತೆ ೧೯೯೮ರಲ್ಲಿ ಅಲ್ಲಿ ವಿದ್ಯುತ್ತಿನ ಸಗಟು ಮಾರುಕಟ್ಟೆ ಆರಂಭವಾಯಿತು. ಮೂರು ದೊಡ್ಡ ಸರಬರಾಜು ಕಂಪೆನಿಗಳು ತಮ್ಮ ಉಷ್ಣ ಸ್ಥಾವರಗಳಲ್ಲಿ ಬಹುಪಾಲನ್ನು ಅನ್ಯರಿಗೆ ಮಾರಿ, ಬೇಕಾದ ವಿದ್ಯುತ್ತನ್ನು ಮರುದಿನದ ಅಥವಾ ಅದೇ ದಿನದ ಬೆಲೆಗೆ ಕೊಳ್ಳತೊಡಗಿದುವು. ಗ್ರಾಹಕರ ದರವನ್ನಾದರೋ ಶಾಸನವು ಸ್ಥಿರಗೊಳಿಸಿತ್ತು. ಕೊಳ್ಳುವ ಬೆಲೆ ಏರಬಹುದು, ಮಾರುವ ಬೆಲೆ ಏರುವಂತಿಲ್ಲ. ಇದೇ ಆ ವ್ಯವಸ್ಥೆಯ ಮೂಲದೋಷ.

ವಿದ್ಯುತ್ತನ್ನು ಧಾನ್ಯದಂತೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಕ್ಷಣಕ್ಷಣವೂ ಉತ್ಪಾದನೆ ಬೇಡಿಕೆಗಳು ಸಮನಾಗಿರಬೇಕು. ಆದಕಾರಣ ಅಭಾವಕಾಲದಲ್ಲಿ ಮಾರುವವನು ಸ್ವಲ್ಪವನ್ನೇ ತಡೆಹಿಡಿದರೂ ಒಟ್ಟು ಬೆಲೆಯೇ ಏರಿಬಿಡುತ್ತದೆ.

೨೦೦೦ದಲ್ಲಿ ವಾಯವ್ಯದ ಸಂಸ್ಥಾನಗಳಲ್ಲಿ ನದಿಗಳ ನೀರು ಕಡಮೆಯಾಗಿ ಅಲ್ಲಿಂದ ಬರುತ್ತಿದ್ದ ಜಲವಿದ್ಯುತ್ತು ಇಳಿಯಿತು. ನೈಸರ್ಗಿಕ ಅನಿಲದ ಬೆಲೆ ಏರಿತು. ದರದ ಕಟ್ಟು ಆಗಲೇ ಸಡಿಲಿದ್ದ ಸ್ಯಾನ್ ಡಿಯಾಗೋದಲ್ಲಿ ಗ್ರಾಹಕರ ಬಿಲ್ಲುಗಳು ಇಮ್ಮಡಿಗೂ ಮೀರಿದುವು. ಉಳಿದೆರಡು ಕಂಪೆನಿಗಳು ದುಬಾರಿಗೆ ಕೊಂಡು ಅಗ್ಗಕ್ಕೆ ಮಾರುತ್ತ ಸಾಲದಲ್ಲಿ ಮುಳುಗಿದುವು. ಹಣ ಬಾರದ ಸಣ್ಣ ಉತ್ಪಾದಕರಲ್ಲಿ ಹಲವರು ಯಂತ್ರಗಳನ್ನು ನಿಲ್ಲಿಸಿದರು. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪೆನಿ ೨೦೦೧ರ ಏಪ್ರಿಲ್ ೬ರಂದು ದಿವಾಳಿಯ ಅರ್ಜಿಯನ್ನು ಸಲ್ಲಿಸಿತು.

ವರ್ತಕರ ಕಪಟವೂ ಇದಕ್ಕೆ ಸೇರಿತು. ವಿದ್ಯುತ್ತನ್ನು ಹೊರಗೆ ಕಳುಹಿಸಿದಂತೆ ತೋರಿಸಿ, ಹೊರಗಿನಿಂದ ಬಂದುದೆಂದು ಮರಳಿ ಮಾರಿ ಬೆಲೆಯ ಮಿತಿಯನ್ನು ತಪ್ಪಿಸಿಕೊಂಡ ಉಪಾಯಗಳು ೨೦೦೨ರಲ್ಲಿ ಬೆಳಕಿಗೆ ಬಂದ ಎನ್ರಾನ್ ಕಂಪೆನಿಯ ಪತ್ರಗಳಲ್ಲಿವೆ. ಲಾಸ್ ವೇಗಸ್‌ನ ಸ್ಥಾವರವೊಂದನ್ನು ನಿಲ್ಲಿಸಲು ನೆಪ ಹುಡುಕುವಂತೆ ಅದರ ವರ್ತಕನೊಬ್ಬನು ಹೇಳಿದ ಮಾತಿನ ಧ್ವನಿಮುದ್ರಣವು ೨೦೦೫ರಲ್ಲಿ ಪ್ರಕಟವಾಯಿತು.

೨೦೦೧ರ ಜೂನ್‌ನಲ್ಲಿ ಸಂಯುಕ್ತ ಸರ್ಕಾರದ ನಿಯಂತ್ರಣ ಮಂಡಲಿಯು ಪಶ್ಚಿಮದ ಸಂಸ್ಥಾನಗಳಿಗೆಲ್ಲ ಬೆಲೆಯ ಮಿತಿಯನ್ನು ವಿಧಿಸಿತು. ಸಂಸ್ಥಾನ ಸರ್ಕಾರವೇ ದೀರ್ಘಾವಧಿಯ ಕರಾರುಗಳನ್ನು ಮಾಡಿಕೊಂಡಿತು. ಜನರು ಮಿತವ್ಯಯವನ್ನು ಕೈಕೊಂಡರು. ಅನಿಲದ ಬೆಲೆಯೂ ಇಳಿಯಿತು. ಆ ಬೇಸಗೆಯಲ್ಲಿ ಬರುವುದೆಂದು ಜನರು ಭಯಪಟ್ಟಿದ್ದ ಕತ್ತಲೆ ಬರಲಿಲ್ಲ.

ಇದರಿಂದ ಹೊರಡುವ ತಾತ್ಪರ್ಯವಿಷ್ಟೆ: ಅನಾವೃಷ್ಟಿಯು ಒತ್ತಡವನ್ನು ತಂದಿತು, ದುರಾಸೆಯು ಅದನ್ನು ಬಳಸಿಕೊಂಡಿತು, ಆದರೆ ಎರಡಕ್ಕೂ ಬಾಗಿಲು ತೆರೆದುಕೊಟ್ಟುದು ಮನುಷ್ಯರೇ ರಚಿಸಿದ ನಿಯಮ. ನಮ್ಮ ದೇಶದಲ್ಲಿಯೂ ೨೦೦೩ರ ಅಧಿನಿಯಮದ ತರುವಾಯ, ೨೦೦೮ರಿಂದ ವಿದ್ಯುತ್ತಿನ ವಿನಿಮಯ ಕೇಂದ್ರಗಳು ನಡೆದುಬಂದಿರುವುದರಿಂದ ಈ ಅಧ್ಯಾಯವನ್ನು ಪರದೇಶದ ಕಥೆಯೆಂದು ನಾವು ಬದಿಗಿಡುವಂತಿಲ್ಲ.