ಕೊನೆಯ ಜಿಗಿತದ ಆಚೆಗಿನ ಹತ್ತು ಹೆಜ್ಜೆ

ಅಜಿಲಿಟಿ ಸ್ಪರ್ಧೆಯಲ್ಲಿ ನಾಯಿ ಕೊನೆಯ ಕಂಬಿ ಹಾರಿದೊಡನೆ ಗಡಿಯಾರ ನಿಲ್ಲುತ್ತದೆ, ನಾಯಿ ನಿಲ್ಲುವುದಿಲ್ಲ. ಕೆಲವು ನಾಯಿಗಳು ಯಜಮಾನನ ಮೈಮೇಲೆ ಹಾರಿ ಅಂಗಿಯ ತೋಳು ಕಚ್ಚಿ ಜಗ್ಗುತ್ತವೆ. ಕೆಲವು ಬೊಗಳುತ್ತ ಅಂಗಳವನ್ನೆಲ್ಲ ಸುತ್ತುತ್ತವೆ, ಹಗ್ಗ ಹಿಡಿದು ಹೋದರೆ ಕೈಗೆ ಸಿಗುವುದಿಲ್ಲ. ನೋಡುವವರು ಇದನ್ನು ಗೆದ್ದ ಸಂಭ್ರಮ ಎಂದುಕೊಳ್ಳುತ್ತಾರೆ. ಗೆಲುವು ಸೋಲಿನ ಲೆಕ್ಕ ನಾಯಿಗಿಲ್ಲ. ಓಟಕ್ಕೆಂದು ಅದರ ಮೈಯಲ್ಲಿ ಏರಿದ ಆವೇಗ ಇನ್ನೂ ಇಳಿದಿಲ್ಲ, ಅಷ್ಟೇ.

ಈ ಆಟ ಶುರುವಾದದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನ ವೇಳೆಯಲ್ಲಿ. ಕುದುರೆಗಳ ಜಿಗಿತದ ಪಂದ್ಯವನ್ನು ನಾಯಿಗಳಿಗೆ ಹೊಂದಿಸಿ ಜಾನ್ ವಾರ್ಲಿ ಮತ್ತು ಪೀಟರ್ ಮೀನ್‌ವೆಲ್ ಅದನ್ನು ರೂಪಿಸಿದರು. ಕಂಬಿ, ಸುರಂಗ, ಏರುಹಲಗೆ, ಏರಿಳಿಯುವ ತೂಗುಹಲಗೆ, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನ ನಡೆ: ಇವನ್ನೆಲ್ಲ ನಾಯಿ ಹಗ್ಗವಿಲ್ಲದೆ, ಯಜಮಾನನ ಕೈಸನ್ನೆ ಮತ್ತು ಮಾತನ್ನಷ್ಟೇ ನಂಬಿ ದಾಟಬೇಕು.

ಓಟ ಶುರುವಾದೊಡನೆ ಅಡ್ರಿನಲಿನ್ ಕೆಲವೇ ಸೆಕೆಂಡುಗಳಲ್ಲಿ ಕೆಲಸಕ್ಕಿಳಿಯುತ್ತದೆ. ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ನಿಧಾನದ್ದು. ಮಿದುಳಿನಿಂದ ಹೊರಟ ಸಂದೇಶ ಮೂತ್ರಪಿಂಡದ ಮೇಲಿನ ಗ್ರಂಥಿ ತಲುಪಿ, ರಕ್ತದಲ್ಲಿ ಆ ರಸ ತುಂಬಿ ಬರಲು ಹಲವು ನಿಮಿಷ ಬೇಕು. ಓಟವೋ ಒಂದು ನಿಮಿಷದೊಳಗೆ ಮುಗಿದಿರುತ್ತದೆ. ಹಾಗಾಗಿ ನಾವು ‘ಆಯಿತು, ಸುಮ್ಮನಿರು’ ಎಂದು ಗದರುವ ಹೊತ್ತಿಗೆ ನಾಯಿಯ ದೇಹ ಇನ್ನೂ ಏರುದಾರಿಯಲ್ಲಿರುತ್ತದೆ.

ಆವೇಗವೇ ಕೆಟ್ಟದ್ದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಎಮಿಲಿ ಬ್ರೇ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಈ ವಿಷಯದಲ್ಲಿ ಬಹಳ ಮುಖ್ಯವೆನಿಸುತ್ತದೆ. ಪಾರದರ್ಶಕ ಬೇಲಿಯ ಆಚೆ ಪ್ರಯೋಗ ನಡೆಸುವವರು ತಿನಿಸು ಹಿಡಿದು ಕರೆಯುತ್ತಾರೆ. ನಾಯಿ ನೇರವಾಗಿ ನುಗ್ಗದೆ ಬಳಸಿಕೊಂಡು ಹೋಗಬೇಕು. ಒಮ್ಮೆ ಮೆಲುದನಿಯಲ್ಲಿ ಕರೆದರು, ಇನ್ನೊಮ್ಮೆ ಕೈ ಬೀಸಿ ಉತ್ಸಾಹದಿಂದ ಕೂಗಿದರು. ಸ್ವಭಾವತಃ ಶಾಂತವಾಗಿದ್ದ, ಅಂಗವಿಕಲರ ನೆರವಿಗೆಂದು ಬೆಳೆಸಿದ ನಾಯಿಗಳು ಆ ಕೂಗಿನಿಂದ ಚುರುಕಾಗಿ, ಇನ್ನೂ ಚೆನ್ನಾಗಿ ದಾರಿ ಹುಡುಕಿದವು. ಮೊದಲೇ ಉದ್ವೇಗದಲ್ಲಿರುತ್ತಿದ್ದ ಮನೆನಾಯಿಗಳು ದಾರಿ ಕಾಣದೆ ಬೇಲಿಗೇ ನುಗ್ಗಿದವು. ಅಂದರೆ ಒಂದು ನಾಯಿಗೆ ಹುರುಪು ಕೊಡುವ ಚಪ್ಪಾಳೆ ಇನ್ನೊಂದರ ಬುದ್ಧಿಯನ್ನು ಮಂಕು ಮಾಡಬಹುದು. ನಿಮ್ಮದು ಯಾವ ಬಗೆಯದು ಎಂದು ಮೊದಲು ತಿಳಿಯಬೇಕು.

ನಮ್ಮ ಮುಧೋಳ ನಾಯಿಯ ಪಾಡು ಇನ್ನೂ ಬೇರೆ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ಕೊನೆಯ ಕಂಬಿಯ ಆಚೆ ಹಾರಾಡುವ ಪ್ಲಾಸ್ಟಿಕ್ ಚೀಲ ಕಂಡರೂ ಸಾಕು, ಓಟ ಮುಂದುವರಿಯುತ್ತದೆ. ಅದನ್ನು ಕೂಗಿ ತಡೆಯಲಾಗದು. ಅದಕ್ಕಿಂತ ಮೊದಲೇ ಕಣ್ಣಿಗೆ ಬೇರೊಂದು ಗುರಿ ಕೊಟ್ಟಿರಬೇಕು.

ಆ ಗುರಿಯನ್ನು ಕೊಡುವುದು ಕೊನೆಯಿಂದ ಹಿಂದಕ್ಕೆ ಕಲಿಸುವ ಪದ್ಧತಿ. ಅಂಗಳದೊಳಗೆ ತಿನಿಸು, ಆಟಿಕೆ ಒಯ್ಯಲು ಸ್ಪರ್ಧೆಯ ನಿಯಮ ಬಿಡುವುದಿಲ್ಲ. ಆದ್ದರಿಂದ ಬೇಯಿಸಿದ ಕೋಳಿಯ ಚೂರುಗಳ ಮುಚ್ಚಿದ ಡಬ್ಬಿ ಹೊರಗಿರಲಿ. ಮೊದಲ ದಿನಗಳಲ್ಲಿ ಕಂಬಿಯೇ ಬೇಡ. ನಾಯಿ ತಾನಾಗಿ ಹಗ್ಗದ ಕುಣಿಕೆಗೆ ತಲೆ ತೂರಿಸಬೇಕು, ಹತ್ತು ಹೆಜ್ಜೆ ಜೊತೆಗೆ ನಡೆಯಬೇಕು, ಆಗ ನೀವು ಡಬ್ಬಿ ತೆರೆಯಬೇಕು. ಇಷ್ಟು ಪಳಗಿದ ಮೇಲೆ ಅದಕ್ಕೂ ಮೊದಲು ಒಂದು ಕಂಬಿ, ಕಂಬಿಗೂ ಮೊದಲು ಸುರಂಗ, ಅದಕ್ಕೂ ಮೊದಲು ಇನ್ನೊಂದು. ಹೀಗೆ ಕಲಿತ ನಾಯಿಯನ್ನು ಪ್ರತಿ ಹೆಜ್ಜೆಯೂ ಗೊತ್ತಿರುವ ಜಾಗಕ್ಕೇ ಒಯ್ಯುತ್ತದೆ. ಕೊನೆಯ ಜಿಗಿತ ಆದ ಮೇಲೆ ‘ಈಗೇನು’ ಎಂಬ ಗೊಂದಲ ಉಳಿಯುವುದಿಲ್ಲ. ಚೂರುಗಳನ್ನು ಕೈಯಿಂದ ಮೇಲಕ್ಕೆ ತೋರಿಸಿ ಕುಣಿಸಬೇಡಿ, ಹುಲ್ಲಿನಲ್ಲಿ ಚೆಲ್ಲಿಬಿಡಿ. ಮೂಸಿ ಹುಡುಕುವ ನಾಯಿಯ ತಲೆ ತಗ್ಗುತ್ತದೆ, ನಡಿಗೆ ನಿಧಾನವಾಗುತ್ತದೆ.

ಇದಕ್ಕೆ ದೊಡ್ಡ ಮೈದಾನ ಬೇಕಿಲ್ಲ, ಆದರೆ ನೆಲ ನೋಡಿಕೊಳ್ಳಬೇಕು. ಸೇಡಂ, ಚಿತ್ತಾಪುರದ ಕಡೆ ತೊಗರಿ ಕೊಯ್ದ ಹೊಲ ಬಯಲಾಗಿ ಕಂಡರೂ ಕೂಳೆ ಅಂಗಾಲಿಗೆ ಚುಚ್ಚುತ್ತದೆ. ಹರಗಿದ ಹೊಲವಾದರೆ ಒಳ್ಳೆಯದು. ಶಹಾಬಾದ್ ಫರಸಿ ಹಾಸಿದ ಅಂಗಳ ಜಿಗಿತಕ್ಕೆ ಬೇಡವೇ ಬೇಡ: ನುಣುಪಿಗೆ ಕಾಲು ಜಾರುತ್ತದೆ, ಬಿಸಿಲಿಗೆ ಕಾಯುತ್ತದೆ. ಸದ್ದಿಗೂ ಮೆಲ್ಲಗೆ ರೂಢಿ ಮಾಡಿಸಬೇಕು: ಮೊದಲು ಚಿಂಚೋಳಿ ಕಡೆಯ ಸದ್ದಿಲ್ಲದ ಬಯಲು, ಆಮೇಲೆ ಬಸ್ ನಿಲ್ದಾಣದ ಗದ್ದಲ ಕೇಳಿಸುವಷ್ಟು ದೂರ, ಕೊನೆಗೆ ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಗಳ ಸದ್ದು ಮುಟ್ಟುವ ಜಾಗ. ಅಲ್ಲಂತೂ ಬೇಲಿಯಿಲ್ಲದೆ ಹಗ್ಗ ಬಿಚ್ಚಕೂಡದು. ಎಷ್ಟು ಹತ್ತಿರ ಹೋಗಬಹುದೆಂದು ನಾಯಿಯೇ ಹೇಳುತ್ತದೆ. ಇಷ್ಟದ ತಿನಿಸನ್ನೂ ಮೂಸದೆ ಬಿಟ್ಟರೆ ಆವೇಗ ಮಿತಿ ದಾಟಿದೆ. ಹಿಂದೆ ಸರಿಯಿರಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಾಯಿಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ, ಮೈ ತಂಪಾಗುವುದು ತೇಕುವುದರಿಂದ. ಉದ್ವೇಗಕ್ಕೂ ಅದು ತೇಕುತ್ತದೆ, ಸೆಕೆಗೂ ತೇಕುತ್ತದೆ. ನಾಲಿಗೆ ತುದಿಯಲ್ಲಿ ಅಗಲವಾಗಿ ಜೋತು, ವಸಡು ಕಡುಗೆಂಪಾಗಿ, ಹೆಜ್ಜೆ ತಪ್ಪಿದರೆ ಅದು ಸೆಕೆ. ಆಗ ಶಿಸ್ತಿನ ಪಾಠ ಬಿಟ್ಟು ನೆರಳು, ತಣ್ಣೀರು, ಪಶುವೈದ್ಯರು. ಅಭ್ಯಾಸವೆಲ್ಲ ಬಿಸಿಲೇರುವ ಮೊದಲೇ ಮುಗಿಯಲಿ.

ಇಷ್ಟಾದರೂ ಓಟ ಕೆಡುತ್ತದೆ, ಕಂಬಿ ಬೀಳುತ್ತದೆ. ಆಗ ನಾಯಿ ನೋಡುವುದು ನಿಮ್ಮ ಮುಖವನ್ನು. ಟೆಕ್ಸಾಸ್ ವಿಶ್ವವಿದ್ಯಾಲಯದ ಅಮಾಂಡಾ ಜೋನ್ಸ್ ಮತ್ತು ರಾಬರ್ಟ್ ಜೋಸೆಫ್ಸ್ 2006ರಲ್ಲಿ ಅಜಿಲಿಟಿ ಸ್ಪರ್ಧೆಯಲ್ಲೇ ಗಂಡಸರ ಮತ್ತು ಅವರ ನಾಯಿಗಳ ಜೊಲ್ಲು ಪರೀಕ್ಷಿಸಿ ವರದಿ ಮಾಡಿದರು. ಸೋತ ಜೋಡಿಗಳಲ್ಲಿ ಯಜಮಾನನ ಹಾರ್ಮೋನಿನ ಮಟ್ಟಕ್ಕೂ ನಾಯಿಯ ಕಾರ್ಟಿಸಾಲ್ ಏರಿಕೆಗೂ ನಂಟು ಕಂಡಿತು. 2015ರ ಮತ್ತೊಂದು ಅಧ್ಯಯನದಲ್ಲೂ ಸ್ಪರ್ಧೆಯ ವೇಳೆ ಇಬ್ಬರ ಕಾರ್ಟಿಸಾಲ್ ಜೊತೆಜೊತೆಗೆ ಬದಲಾಗಿತ್ತು. ಹಾಗಾಗಿ ನಾಯಿಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಅಂಗಳ ಓಡಿ ಅಭ್ಯಾಸ ಮಾಡಿ. ಕೊನೆಯ ಕಂಬಿಯ ಬಳಿ ಹೆಗಲು ಇಳಿಸಿ, ಉಸಿರು ಬಿಡಿ, ಮೆಲುದನಿಯಲ್ಲಿ ಹೆಸರು ಕರೆಯಿರಿ, ನಡೆಯಿರಿ. ಕಂಬಿ ಬಿದ್ದ ದಿನವೂ ಡಬ್ಬಿಯಲ್ಲಿ ಅಷ್ಟೇ ಚೂರುಗಳಿರಲಿ.