ಗಜನಿಯ ನೆಲ, ಗಜನಿಯ ನುಡಿ: ಅಘನಾಶಿನಿ ಅಳಿವೆಯ ಹಳ್ಳಿಬದುಕು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಆನೇಕಲ್ ತಾಲೂಕಿನ ಬೊಮ್ಮಸಂದ್ರವು ಇಂದು ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧವಾಗಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ಮೆಟ್ರೊ ಹಳದಿ ಮಾರ್ಗವು ಕೊನೆಗೊಳ್ಳುವುದು ಇಲ್ಲಿಯೇ. ಜಕ್ಕಸಂದ್ರ, ಸಿಂಗಸಂದ್ರಗಳಂತೆ ಈ ಹೆಸರಿನಲ್ಲಿರುವ ‘ಸಂದ್ರ’ವೂ ‘ಸಮುದ್ರ’ ಪದದ ರೂಪಾಂತರವಾಗಿದೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದ ಬಯಲುಸೀಮೆಯ ಜನ ಊರಿಗೂ ಅದೇ ಹೆಸರನ್ನಿಟ್ಟರು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರಗಂಟಿ ಎಂಬ ಪದಗಳು ಆ ಕೆರೆಯೊಡನೆ ಬಾಳಿದವು. ಕೆರೆಯ ನೀರಿನಿಂದ ಗದ್ದೆ ಮಾಡುವ ಕೆಲಸ ನಿಂತಲ್ಲಿ ಈ ಪದಗಳು ನಿಘಂಟಿಗೆ ಸರಿಯುತ್ತವೆ. ಕೆಲಸ ಮತ್ತು ಪದಗಳ ಈ ಸಂಬಂಧವು ಇನ್ನೂ ಉಸಿರಾಡುತ್ತಿರುವ, ಆದರೆ ಸಡಿಲಗೊಳ್ಳುತ್ತಿರುವ ಒಂದು ನೆಲೆಯನ್ನು ನಿಜವಾದ ಸಮುದ್ರತೀರದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿರಸಿಯ ಘಟ್ಟಪ್ರದೇಶದಲ್ಲಿ ಹುಟ್ಟುವ ಅಘನಾಶಿನಿಯು ದೊಡ್ಡ ಅಣೆಕಟ್ಟುಗಳಿಲ್ಲದೆ ಹರಿದು, ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸಂಗಮಕ್ಕೆ ಮುನ್ನ ನದಿ ಅಗಲವಾಗಿ ಹರಡಿ ಅಳಿವೆಯಾಗುತ್ತದೆ. ಇಲ್ಲಿಯ ಊರುಗಳ ಹೆಸರುಗಳೇ ಭೂದೃಶ್ಯವನ್ನು ವಿವರಿಸುತ್ತವೆ. ಐಗಳಕುರ್ವೆಯಲ್ಲಿರುವ ‘ಕುರ್ವೆ’ ಎಂದರೆ ನೀರು ಸುತ್ತುವರಿದ ನಡುಗಡ್ಡೆ. ಮಾಣಿಕಟ್ಟಾ, ಸಾಣಿಕಟ್ಟಾಗಳಲ್ಲಿರುವ ‘ಕಟ್ಟಾ’ ನೀರಿಗೆ ಅಡ್ಡಲಾಗಿ ಕಟ್ಟಿದ ಒಡ್ಡನ್ನು ನೆನಪಿಸುತ್ತದೆ. ಸಾಣಿಕಟ್ಟಾ ಉಪ್ಪಿನ ಆಗರಗಳಿಗೆ ಹೆಸರಾದರೆ, ಮಾಣಿಕಟ್ಟಾ ಗಜನಿ ಬೇಸಾಯಕ್ಕೆ ಹೆಸರಾಗಿದೆ. ಹಾಲಕ್ಕಿ ಒಕ್ಕಲಿಗ, ಪಟಗಾರ, ಅಂಬಿಗ, ಹರಿಕಂತ್ರ ಮೊದಲಾದ ಸಮುದಾಯಗಳು ನೆಲೆಸಿರುವ ಈ ದಂಡೆಗಳಲ್ಲಿ ಕನ್ನಡದ ಉಪಭಾಷೆಗಳೂ ಕೊಂಕಣಿಯೂ ಬೆರೆತು ಬಳಕೆಯಲ್ಲಿವೆ.

ಗಜನಿ ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗುಭೂಮಿಗೆ ಒಡ್ಡು ಹಾಕಿ ಮಾಡಿಕೊಂಡ ಗದ್ದೆ. ಒಡ್ಡಿನ ನಡುವೆ ಹಲಗೆಗಳನ್ನು ಇಳಿಸಿ ಎತ್ತಬಲ್ಲ ತೂಬು ಇರುತ್ತದೆ. ಇದಕ್ಕೆ ಜಂತ್ರಡಿ ಎಂದು ಹೆಸರು. ಇಲ್ಲಿಯ ‘ಜಂತ್ರ’ವು ಯಂತ್ರದ ತದ್ಭವವೆಂಬುದು ಸ್ಪಷ್ಟ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಮೊಳಕೆ ಬೀಜವನ್ನು ಬಿತ್ತುತ್ತಾರೆ. ಎತ್ತರವಾಗಿ ಬೆಳೆಯುವ ಕಗ್ಗವು ಉಪ್ಪಿನಂಶವನ್ನೂ ಕೆಲಕಾಲದ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರವನ್ನು ಬೇಡುವುದಿಲ್ಲ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಕೊಯ್ಲು ಮುಗಿದ ಬಳಿಕ ಜಂತ್ರಡಿ ತೆರೆದು ಉಪ್ಪುನೀರನ್ನು ಒಳಬಿಡಲಾಗುತ್ತದೆ. ನೀರಿನೊಡನೆ ಬರುವ ಮೀನು, ಸಿಗಡಿಗಳಿಗೆ ಗದ್ದೆಯಲ್ಲಿ ಕೊಳೆಯುವ ಹುಲ್ಲು ಆಹಾರದ ಮೂಲವಾಗುತ್ತದೆ. ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಸಾರವಾಗುತ್ತದೆ. ಹೀಗೆ ಒಂದೇ ನೆಲ ವರ್ಷದಲ್ಲಿ ಎರಡು ಬಾರಿ ಬದುಕು ಕೊಡುತ್ತದೆ.

ಈ ವ್ಯವಸ್ಥೆಯ ಕಾಲಮಾನವನ್ನು ಚಂದ್ರನು ನಿರ್ಧರಿಸುತ್ತಾನೆ. ಅಮಾವಾಸ್ಯೆ–ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಹಲಗೆ ಎತ್ತುವುದು, ಬಲೆ ಕಟ್ಟುವುದು, ಇಳಿತದಲ್ಲಿ ಹೆಂಗಸರು ಅಳಿವೆಗಿಳಿದು ಬಳಚು ಆಯುವುದು ಎಲ್ಲವೂ ತಿಥಿಯನ್ನು ಅನುಸರಿಸುತ್ತವೆ. ಪಂಚಾಂಗವು ಇಲ್ಲಿ ವ್ರತಾಚರಣೆಗೆ ಎಷ್ಟು ಬೇಕೋ ಅಷ್ಟೇ ನೀರಿನ ಲೆಕ್ಕಕ್ಕೂ ಬೇಕು. ಕೊಯ್ಲಿನ ನಂತರ ಫಾಲ್ಗುಣದಲ್ಲಿ ಬರುವ ಹಾಲಕ್ಕಿಗಳ ಸುಗ್ಗಿಕುಣಿತವನ್ನೂ ಇದೇ ಋತುಚಕ್ರದೊಳಗಿಟ್ಟು ನೋಡಬೇಕಾಗುತ್ತದೆ.

ಗಜನಿಯ ಮುಖ್ಯ ಲಕ್ಷಣವೆಂದರೆ ಅದು ಒಬ್ಬನಿಂದಾಗುವ ಬೇಸಾಯವಲ್ಲ. ಒಂದು ಒಡ್ಡಿನೊಳಗಿನ ಎಲ್ಲ ಹಿಡುವಳಿಗಳಿಗೂ ನೀರಿನ ಮಟ್ಟ ಒಂದೇ. ಒಡ್ಡು ಒಂದೆಡೆ ಒಡೆದರೆ ಎಲ್ಲರ ಪೈರಿಗೂ ಉಪ್ಪು ತಗಲುತ್ತದೆ. ಆದುದರಿಂದ ಒಡ್ಡು ಕಾಯುವುದು, ಹಲಗೆ ಇಳಿಸುವ ದಿನವನ್ನು ಗೊತ್ತುಮಾಡುವುದು ಊರಿನ ಸಾಮೂಹಿಕ ಹೊಣೆಯಾಗಿ ಬೆಳೆದುಬಂದಿತು. ಗೋವೆಯ ಖಾಜನ ಭೂಮಿ, ಕೇರಳದ ಪೊಕ್ಕಾಳಿ ಮತ್ತು ಕೈಪಾಡ್ ಪದ್ಧತಿಗಳೂ ಇಂತಹ ಸಹಮತವನ್ನೇ ಆಧರಿಸಿವೆ. ಈ ಪೈಕಿ ಪೊಕ್ಕಾಳಿ ಮತ್ತು ಕೈಪಾಡ್ ಅಕ್ಕಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಬಿಕ್ಕಟ್ಟು ಹುಟ್ಟಿರುವುದು ಈ ಸಹಮತದಲ್ಲಿಯೇ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸಿಗಡಿ ಕೃಷಿಯ ಲಾಭದಾಸೆಯಿಂದ ಗಜನಿಗಳನ್ನು ಗುತ್ತಿಗೆಗೆ ಕೊಡುವುದು ಹೆಚ್ಚಿತು. ಸಿಗಡಿಗಾಗಿ ಉಪ್ಪುನೀರನ್ನು ಹೆಚ್ಚುಕಾಲ ನಿಲ್ಲಿಸಿದರೆ ಕಗ್ಗಕ್ಕೆ ಅವಕಾಶವಿಲ್ಲ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ದೇಶದ ಸಿಗಡಿ ಕೃಷಿಯನ್ನು ನೆಲಕಚ್ಚಿಸಿತು. ಒಮ್ಮೆ ಕೈಬಿಟ್ಟ ಒಡ್ಡನ್ನು ಮತ್ತೆ ನಿಲ್ಲಿಸಲು ಬೇಕಾದ ಜನವಾಗಲಿ ಒಮ್ಮತವಾಗಲಿ ಸುಲಭವಾಗಿ ಕೂಡಿಬರುವುದಿಲ್ಲ. ದುಡಿಯುವ ವಯಸ್ಸಿನವರು ಪೇಟೆಗಳಿಗೆ, ಬೆಂಗಳೂರಿಗೆ ಹೋಗುತ್ತಿರುವುದು ಇದಕ್ಕೆ ಇನ್ನೊಂದು ಕಾರಣ.

2000ರ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾಪ ಬಂದು, ವಿರೋಧದ ನಡುವೆ ಕೈಬಿಟ್ಟುಹೋಯಿತು. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶವು ರಾಮ್ಸರ್ ತಾಣವಾಗಿ ಘೋಷಿತವಾಯಿತು. ಇದು ಸ್ವಾಗತಾರ್ಹವೇ. ಆದರೆ ನೀರು, ಹಕ್ಕಿ, ಕಾಂಡ್ಲಗಳಿಗೆ ದೊರೆತ ರಕ್ಷಣೆಯಿಂದ ಹಲಗೆ ಇಳಿಸುವ ದಿನವನ್ನು ಬಲ್ಲ ಹಿರಿಯನ ತಿಳಿವಳಿಕೆ ತಾನಾಗಿ ಉಳಿಯುವುದಿಲ್ಲ.

ನಮ್ಮ ಜಾನಪದ ಸಂಗ್ರಹಕಾರ್ಯವು ಬಹುಕಾಲ ಹಾಡು, ಕಥೆ, ಕುಣಿತಗಳ ಸುತ್ತಲೇ ನಡೆದಿದೆ. ನೆರೆಯ ಅಂಕೋಲಾ ತಾಲೂಕಿನ ಹಾಲಕ್ಕಿ ಗಾಯಕಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರಲ್ಲಿ ಅವರು ತೀರಿಕೊಂಡರು. ಹಾಡಿದವರನ್ನು ನಾಡು ಗುರುತಿಸಿತು. ಒಡ್ಡು ಕಟ್ಟಿದವರ ಜ್ಞಾನಕ್ಕೆ ಅಂತಹ ಮನ್ನಣೆಯಿರಲಿ, ಸರಿಯಾದ ದಾಖಲೆಯೂ ಅಪರೂಪ. ಜಂತ್ರಡಿ ಎಂಬ ಪದಕ್ಕೆ ‘ತೂಬು’ ಎಂದು ಅರ್ಥ ಬರೆದರೆ ನಿಘಂಟಿನ ಕೆಲಸ ಮುಗಿಯಬಹುದು. ಜಾನಪದದ ಕೆಲಸ ಮುಗಿಯದು. ಹಲಗೆಗೆ ಯಾವ ಮರ, ಯಾವ ತಿಥಿಗೆ ಎಷ್ಟು ಹಲಗೆ, ಅದನ್ನು ತೀರ್ಮಾನಿಸುವವರು ಯಾರು, ತಪ್ಪಿದವರಿಗೆ ಊರು ವಿಧಿಸುವ ದಂಡವೇನು ಎಂಬ ವಿವರಗಳನ್ನೂ ಪದದೊಡನೆ ದಾಖಲಿಸಬೇಕು. ಅಳಿವೆಯ ಹಳ್ಳಿಗಳಲ್ಲಿ ಗ್ರಾಮವಾರು ಇಂತಹ ವೃತ್ತಿಪದಕೋಶವನ್ನು ಸಿದ್ಧಪಡಿಸುವುದು ತುರ್ತಿನ ಕೆಲಸ. ಬೊಮ್ಮಸಂದ್ರದಂತಹ ಊರುಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರಿಸಬಲ್ಲ ನೀರಗಂಟಿಯನ್ನು ಈಗ ಹುಡುಕಬೇಕಾಗುತ್ತದೆ. ಮಾಣಿಕಟ್ಟಾದಲ್ಲಿ ಇನ್ನೂ ಕೇಳಬಹುದು.